ಏಪ್ರಿಲ್ ಆರರ ಪಂಚಾಂಗ

ನಮ್ಮವರು ತೀರಿಕೊಂಡ ಮೇಲೆ ಎರಡನೆಯ ಯುಗಾದಿ ಹತ್ತಿರ ಬರುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಯೋಚನೆ. ಅವರು ಪ್ರತಿ ವರ್ಷ ಹಬ್ಬದ ಸಭೆಯಲ್ಲಿ ಓದುತ್ತಿದ್ದ ಕಾಗದವನ್ನು ಈ ಸಲ ಯಾರಾದರೂ ಓದುತ್ತಾರೆಯೇ, ಇಲ್ಲ ಅದು ಅವರ ಜೊತೆಗೇ ಮುಗಿದುಹೋಯಿತೇ? ಬೇರೆಯವರಿಗೆ ಇದು ಸಣ್ಣ ವಿಷಯ. ನನಗೆ ಆ ಚಳಿಗಾಲವೆಲ್ಲ ಅದೇ ಆಗಿತ್ತು.

ಆ ಕಾಗದ ಏನೆಂದು ಮೊದಲು ಹೇಳಿಬಿಡುತ್ತೇನೆ.

ನಮ್ಮವರು ಇಂಗ್ಲೆಂಡಿನ ಕ್ರೋಯ್ಡನ್‌ನ ಒಂದು ಆಫೀಸಿನಲ್ಲಿ ಪೆನ್ಷನ್ ವಿಭಾಗದ ಕೆಲಸ ಮಾಡುತ್ತಿದ್ದರು. ನಮ್ಮ ಫ್ಲಾಟಿನ ಅಡುಗೆಮನೆಯ ಕಿಟಕಿಯಿಂದ ಅವರ ಆಫೀಸಿನ ಮೇಲಿನ ಮಹಡಿಗಳು ಕಾಣುತ್ತಿದ್ದವು. ಈ ದೇಶದಲ್ಲಿ ಬೆಲೆಗಳು ಏರಿದಂತೆ ವರ್ಷಕ್ಕೊಮ್ಮೆ ಸರ್ಕಾರ ಕೆಲವು ಅಂಕಿಗಳನ್ನೂ ಏರಿಸುತ್ತದೆ. ವಯಸ್ಸಾದವರಿಗೆ ಕೊಡುವ ಪೆನ್ಷನ್ ಏರುತ್ತದೆ. ಇಷ್ಟು ಸಂಪಾದನೆಯ ತನಕ ತೆರಿಗೆ ಇಲ್ಲ ಎನ್ನುವ ಗೆರೆ ಏರುತ್ತದೆ. ನೌಕರಿಯಲ್ಲಿರುವವರು ತೆರಿಗೆ ಉಳಿಸಿಕೊಂಡು ಪೆನ್ಷನ್‌ಗೆ ಎಷ್ಟು ಕಟ್ಟಬಹುದು ಎನ್ನುವ ಮಿತಿಯೂ ಏರುತ್ತದೆ. ಇದೆಲ್ಲ ಜಾರಿಗೆ ಬರುವುದು ಏಪ್ರಿಲ್ ಆರನೆಯ ತಾರೀಖು ಸರ್ಕಾರದ ಹೊಸ ವರ್ಷ ಶುರುವಾಗುವಾಗ. ಅದಕ್ಕೆ ಮುಂಚಿನ ಎರಡು ತಿಂಗಳು ಹಳೆಯ ಅಂಕಿ ಅಳಿಸಿ ಹೊಸದು ಕೂರಿಸುವುದೇ ಅವರ ಕೆಲಸ. ಪ್ರತಿ ಪುಸ್ತಿಕೆ, ಪ್ರತಿ ಪತ್ರ. ಮನೆಗೆ ಬಂದಾಗ ಕಣ್ಣುಗಳು ಕೆಂಪಗಿರುತ್ತಿದ್ದವು, ಆದರೆ ಮುಖದಲ್ಲಿ ಒಂಥರಾ ಹಬ್ಬ ಬಂದ ಹುಡುಗನ ಕಳೆ.

ಏಪ್ರಿಲಿನಲ್ಲಿ ಪೆನ್ಷನ್ ಎಷ್ಟು ಏರಿಸಬೇಕೆಂದು ತೀರ್ಮಾನಿಸಲು ಸರ್ಕಾರ ಬೆಲೆ ನೋಡುವುದು ಸೆಪ್ಟೆಂಬರಿನಲ್ಲಂತೆ. ಅದಕ್ಕೆ ಸೆಪ್ಟೆಂಬರ್ ಬಂತೆಂದರೆ ಮಾರ್ಕೆಟ್ಟಿನಲ್ಲಿ ಅವರದು ಒಂದು ತಮಾಷೆ. ನಾನು ಟೊಮೆಟೊ ದುಬಾರಿ ಎಂದು ಗೊಣಗಿದರೆ, "ಗೊಣಗಬೇಡ ಕಣೆ, ಈ ತಿಂಗಳು ಎಷ್ಟು ಏರುತ್ತೋ ಏರ್ಲಿ. ಅಕ್ಟೋಬರಲ್ಲಿ ಇಳೀಲಿ ಅಂತ ನಂಜುಂಡನಿಗೆ ಹರಕೆ ಹೊತ್ತುಕೋ" ಎನ್ನುತ್ತಿದ್ದರು. ತಕ್ಕಡಿ ಹಿಡಿದ ಇಂಗ್ಲಿಷಿನವನು ನಾವು ಏನೋ ಚೌಕಾಸಿ ಮಾಡುತ್ತಿದ್ದೇವೆ ಎಂದುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದ.

ನಮ್ಮ ಕಡೆಯ ಕನ್ನಡದವರು ಯುಗಾದಿಗೆ ಹತ್ತಿರದ ಭಾನುವಾರ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಸೇರುತ್ತಿದ್ದೆವು. ತೊಂಬತ್ತರ ದಶಕದ ಆ ದಿನಗಳಲ್ಲಿ ಹೆಚ್ಚಿನವರು ಆಸ್ಪತ್ರೆಯ ಡಾಕ್ಟರುಗಳು, ಅವರ ಸಂಸಾರದವರು. ನಮ್ಮಂಥ ಆಫೀಸಿನವರು ಕೆಲವರು. ನಮ್ಮ ಪಕ್ಕದ ಫ್ಲಾಟಿನ ನರ್ಸ್ ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ. ಅವರೂ ಪ್ರತಿ ವರ್ಷ ಒಂದು ಕೇಕ್ ಮಾಡಿ ತರುತ್ತಿದ್ದರು. ಬೇವಿನ ಹೂವು ಊರಿನಿಂದ ಒಣಗಿಸಿ ತಂದದ್ದು, ಬೆಲ್ಲ ಅಂಗಡಿಯದು. ಹಾಲಿನ ಗೋಡೆಗೆ ಮಕ್ಕಳು ಬರೆದ ಡೈನೊಸಾರ್ ಚಿತ್ರಗಳು, ಅದರ ಕೆಳಗೆ ನಮ್ಮ ರಂಗೋಲಿ.

ಪಂಚಾಂಗ ಓದುತ್ತಿದ್ದವರು ಮೈಸೂರಿನ ಹಿರಿಯ ಡಾಕ್ಟರು. ಸಂವತ್ಸರದ ಹೆಸರು, ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಕೊನೆಗೆ ಒಂದೊಂದು ರಾಶಿಯವರಿಗೂ ಆ ವರ್ಷದ ಆದಾಯ ಎಷ್ಟು, ವ್ಯಯ ಎಷ್ಟು. ಒಂದು ವರ್ಷ ಅವರು ಮೇಷ ರಾಶಿಗೆ ಆದಾಯ ಎರಡು, ವ್ಯಯ ಹದಿನಾಲ್ಕು ಎಂದು ಓದಿದಾಗ ಅಕ್ಸ್‌ಬ್ರಿಡ್ಜ್‌ನಿಂದ ಬರುತ್ತಿದ್ದ ಧಾರವಾಡದ ಡಾಕ್ಟರು ಹಿಂದಿನ ಸಾಲಿನಿಂದ ಕೂಗಿದರು. "ಇದು ಪಂಚಾಂಗ ಅಲ್ರೀ, ನಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್! ಆ ಪೆನ್ಷನ್ ಸಾಹೇಬ್ರನ್ನ ಕರೀರಿ, ಅವರರೆ ಏನರೆ ಛಲೋದ ಹೇಳ್ಯಾರು."

ಎಲ್ಲರೂ ನಕ್ಕರು. ನಮ್ಮವರನ್ನು ಎಬ್ಬಿಸಿದರು. ಅವರು ಜೇಬಿನಲ್ಲಿದ್ದ ಯಾವುದೋ ಕಾಗದ ತೆಗೆದು, ಆ ಏಪ್ರಿಲ್‌ನಿಂದ ಏನೇನು ಎಷ್ಟೆಷ್ಟು ಏರುತ್ತದೆ ಎಂದು ಕನ್ನಡದಲ್ಲಿ, ಪಂಚಾಂಗದ ರಾಗದಲ್ಲೇ ಓದಿದರು. ಹಾಲ್ ಬಿದ್ದು ಬಿದ್ದು ನಕ್ಕಿತು. ಆದರೆ ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರಾಗಿ ಅವರ ಹತ್ತಿರ ಬಂದು, "ಅದೇನೋ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ" ಎಂದು ಕೇಳಿದರು. ಮಾರನೆಯ ವರ್ಷದಿಂದ ಅದು ಪದ್ಧತಿಯೇ ಆಯಿತು. ಡಾಕ್ಟರು ಪಂಚಾಂಗ ಮಡಿಸಿಟ್ಟು, "ಇನ್ನು ಸರ್ಕಾರದ ಪಂಚಾಂಗ" ಎನ್ನುವರು, ಇವರು ಎದ್ದು ನಿಲ್ಲುವರು.

ಇದರಲ್ಲಿ ಒಂದು ಎಡವಟ್ಟೂ ಆಯಿತು. ಒಂದು ವರ್ಷ ಯುಗಾದಿ ಮಾರ್ಚಿನಲ್ಲೇ ಬಂದಿತ್ತು. ಧಾರವಾಡದ ಡಾಕ್ಟರು ಹೊಸ ಮಿತಿ ಕೇಳಿದವರೇ, ಶುಭದಿನ, ತಡ ಯಾಕೆ ಎಂದು, ಮಾರನೆಯ ದಿನವೇ ತಮ್ಮ ಪೆನ್ಷನ್‌ಗೆ ಆ ಲೆಕ್ಕದಲ್ಲಿ ಹಣ ಕಟ್ಟಿಬಿಟ್ಟರು. ಸರ್ಕಾರಕ್ಕೆ ಅದು ಇನ್ನೂ ಹಳೆಯ ವರ್ಷ, ಹಳೆಯ ಮಿತಿ. ಬೇಸಿಗೆಯೆಲ್ಲ ಪತ್ರ ಬರೆದು ಅದನ್ನು ಸರಿಮಾಡಿಸಿದ್ದು ನಮ್ಮವರೇ. "ಯುಗಾದಿಗೆ ಹೊಸ ಲೆಕ್ಕ ಸುರು ಮಾಡೋದು ನಮ್ಮ ಮನಿತನದ ಪದ್ಧತಿ, ಇವರಿಗೇನ್ ಗೊತ್ತ?" ಎಂದು ಆ ಡಾಕ್ಟರು ತಪ್ಪೆಲ್ಲ ಇಂಗ್ಲೆಂಡಿನದೇ ಎನ್ನುವಂತೆ ಹೇಳುತ್ತಿದ್ದರು. ಅಂದಿನಿಂದ ನಮ್ಮವರು ಓದುವ ಮೊದಲು ಕೈ ಎತ್ತಿ ಹೇಳುತ್ತಿದ್ದರು: "ಯುಗಾದಿ ನಮ್ಮದು, ಏಪ್ರಿಲ್ ಆರು ಸರ್ಕಾರದ್ದು. ಹೋಳಿಗೆ ಇವತ್ತೇ ತಿನ್ನಿ, ಹಣ ಆಮೇಲೆ ಕಟ್ಟಿ." ಕೆಲವು ವರ್ಷಗಳಲ್ಲಿ ಇಡೀ ಹಾಲೇ ಅದನ್ನು ಅವರ ಜೊತೆ ಹೇಳುವಂತಾಯಿತು, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳು ಕೂಡ.

ಧಾರವಾಡದ ಡಾಕ್ಟರು ಸೇಡು ತೀರಿಸಿಕೊಂಡರು. ನಮ್ಮವರು ಒಂದೊಂದು ವಿಷಯದ ಹೆಸರು ಹೇಳಿದೊಡನೆ ಹಿಂದಿನಿಂದ, "ಏರೇತೇನ್ರೀ?" ಎಂದು ಕೂಗುವುದು. ಇವರು, "ಏರಿದೆ ಸ್ವಾಮಿ" ಎನ್ನುವುದು. "ಎಷ್ಟ ಏರೇತ್ರೀ, ಇಡ್ಲಿಯಷ್ಟೋ ದ್ವಾಸಿಯಷ್ಟೋ?" ಬೆಲೆ ಹೆಚ್ಚು ಏರಿದ ವರ್ಷ ಇಡ್ಲಿ, ಕಡಿಮೆ ಏರಿದ ವರ್ಷ ದೋಸೆ. ಒಂದು ವರ್ಷ ತೀರಾ ಕಡಿಮೆ ಏರಿದ್ದಾಗ ನಮ್ಮವರು, "ಹಪ್ಪಳ" ಎಂದರು. ಆ ವರ್ಷದ ನಗು ನನಗೆ ಇನ್ನೂ ಕಿವಿಯಲ್ಲಿದೆ.

ಇಡ್ಲಿ ದೋಸೆ ಎನ್ನುವಾಗ ನೆನಪಾಯಿತು. ಈ ಚಳಿ ದೇಶದಲ್ಲಿ ಹಿಟ್ಟು ಹುಳಿ ಬಂದು ಏರುವುದೇ ದೊಡ್ಡ ಕಷ್ಟ. ನಮ್ಮ ಫ್ಲಾಟಿನಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಒಂದು ಕಬೋರ್ಡ್ ಇದೆ. ಟವೆಲುಗಳ ನಡುವೆ ಹಿಟ್ಟಿನ ಪಾತ್ರೆ ಇಟ್ಟು ಬಾಗಿಲು ಹಾಕಿದರೆ ಬೆಳಿಗ್ಗೆಗೆ ಏರಿರುತ್ತದೆ. ಹಬ್ಬದ ಹಿಂದಿನ ದಿನ ನಾನು ಆ ಕಬೋರ್ಡಿಗೂ ಅಡುಗೆಮನೆಗೂ ಓಡಾಡುವಾಗ ಅವರು ನನ್ನ ಹಿಂದೆ ಹಿಂದೆ ಕಾಗದ ಹಿಡಿದು ಓದುತ್ತಾ ಬರುತ್ತಿದ್ದರು. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ, ನಂಜನಗೂಡಿನಲ್ಲಿ. ಲೆಕ್ಕ ನನಗೆ ಎಂದೂ ಹತ್ತಲಿಲ್ಲ. ಅವರಿಗೆ ಬೇಕಾದದ್ದೂ ಅದೇ.

"ಅರ್ಥ ಆಯ್ತಾ?"

"ಇಲ್ಲ."

"ಎಲ್ಲಿ ಬಿಟ್ಟುಹೋಯ್ತು?"

"ಮಿತಿ ಅಂದಾಗ. ಯಾರ ಮಿತಿ, ಯಾತರ ಮಿತಿ, ಹೇಳ್ದೆ ಮುಂದೆ ಓಡಿದ್ರಿ."

ಅವರು ನಿಂತಲ್ಲೇ ಪೆನ್ಸಿಲಿನಿಂದ ತಿದ್ದಿ ಮತ್ತೆ ಓದುವರು. ನನಗೆ ಅರ್ಥವಾಗುವ ತನಕ ಬಿಡುತ್ತಿರಲಿಲ್ಲ. ಹೀಗೆ ಹೇಳಿದರೆ ಅದು ನನ್ನ ಹೆಗ್ಗಳಿಕೆಯಂತೆ ಕೇಳಿಸಬಹುದು, ಹಾಗಲ್ಲ. ಆ ಅಂಕಿಗಳಲ್ಲಿ ಒಂದೂ ನನಗೆ ಮಾರನೆಯ ವಾರ ನೆನಪಿರುತ್ತಿರಲಿಲ್ಲ. ಆದರೆ ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಾ, ಅವರು ಬಾಗಿಲಿಗೆ ಒರಗಿ ಓದುತ್ತಾ, ನಾನು "ಇಲ್ಲ, ಇನ್ನೊಂದ್ಸಲ" ಎನ್ನುತ್ತಾ ಇದ್ದ ಆ ಮಧ್ಯಾಹ್ನಗಳು ನನಗೆ ಹಬ್ಬಕ್ಕಿಂತ ಇಷ್ಟವಾಗಿದ್ದವು.

ಕಾಗದದ ಕೊನೆಯ ಸಾಲಿಗೆ ಮಾತ್ರ ನಮಗೆ ಪ್ರತಿ ವರ್ಷ ಜಗಳ. ಪೆನ್ಷನ್ ತೆಗೆದುಕೊಳ್ಳುತ್ತಿದ್ದ ಗಂಡ ಹೋದರೆ ಹೆಂಡತಿಗೆ ಅದರ ಒಂದು ಭಾಗ ಬರುತ್ತದೆ, ಹೆಂಡತಿ ಹೋದರೆ ಗಂಡನಿಗೆ. ಅದೂ ವರ್ಷ ವರ್ಷ ಏರುತ್ತದೆ. ಅದನ್ನು ಅವರು 'ಉಳಿದವರಿಗೆ' ಎಂದು ಓದುತ್ತಿದ್ದರು. ಮೊದಲ ವರ್ಷ ಅದನ್ನು ಓದಿದಾಗ ಹಾಲಿನಲ್ಲಿ ಒಬ್ಬ ಹಿರಿಯರು, "ಒಳ್ಳೇ ದಿನ ಅದ್ಯಾಕಪ್ಪಾ" ಎಂದು ಮುಖ ತಿರುಗಿಸಿದ್ದರು. ನಾನೂ ಅಡುಗೆಮನೆಯಲ್ಲಿ ಹೇಳುತ್ತಿದ್ದೆ. "ಅದೊಂದು ಬಿಟ್ಬಿಡ್ರಿ. ಹಬ್ಬದ ದಿನ ನಂಗೆ ಕೇಳಕ್ಕಾಗಲ್ಲ."

"ಮಿಕ್ಕಿದ್ದೆಲ್ಲ ಊರಿನವರಿಗೆ. ಇಡೀ ಕಾಗದದಲ್ಲಿ ನಿಂಗೆ ಅಂತ ಇರೋದು ಅದೊಂದೇ ಸಾಲು. ಅದನ್ನೂ ಬಿಡು ಅಂತೀಯಲ್ಲ!"

"ಥೂ, ಬಾಯಿ ಮುಚ್ಚಿ."

ನಗುತ್ತಿದ್ದರು. ಬಿಡಲಿಲ್ಲ, ಓದಿದರು. ಆ ಸಾಲಿಗೆ ಧಾರವಾಡದ ಡಾಕ್ಟರು ಮಾತ್ರ ಕೂಗುತ್ತಿರಲಿಲ್ಲ. ಅಲ್ಲೊಂದು ಸಣ್ಣ ಮೌನ. ಇವರು ತಾವಾಗಿಯೇ, "ಇದೂ ಏರಿದೆ" ಎಂದು ಹೇಳಿ ಕಾಗದ ಮಡಿಸಿ ಕೂರುವರು.

ಅವರು ನಿವೃತ್ತರಾಗಿ ಎರಡು ಏಪ್ರಿಲ್ ಕಂಡರು. ಆಮೇಲೆ ಒಂದು ಜೂನ್ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು. ಪಕ್ಕದ ಮನೆಯ ನರ್ಸ್ ಓಡಿ ಬಂದರು, ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ವರ್ಷದ ಕಾರ್ಯ ಮುಗಿಯುವ ತನಕ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಮೊದಲ ಯುಗಾದಿಗೆ ನಾನು ಹಾಲಿಗೆ ಹೋಗಲಿಲ್ಲ. ಸಂಜೆ ಪಕ್ಕದ ಮನೆಯವರು ತಮ್ಮ ಕೇಕಿನ ಒಂದು ತುಂಡು ತಂದು, ಕೋಟು ಕೂಡ ತೆಗೆಯದೆ ನನ್ನ ಎದುರು ಕೂತರು.

"ಎಂಥ ಸಪ್ಪೆ ಮಾರಾಯ್ರೆ ಈ ವರ್ಷ. ಪಂಚಾಂಗ ಆಯ್ತು. ಆಮೇಲೆ ನಿಮ್ಮವರ ಹೊತ್ತು ಬಂತಲ್ಲ, ಆವಾಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ."

"ಓದ್ಲಿಲ್ವಾ ಯಾರೂ?"

"ಇಲ್ಲಪ್ಪ. ಇನ್ನು ಅದನ್ನು ಬಿಡುವುದು ಅಂತ ಮಾತಾಡ್ತಿದ್ರು. ಅವರಿಗೆ ಮರ್ಯಾದೆ ಅಂತ. ನಿಮಗೆ ಬೇಸರ ಆದೀತು ಅಂತ ಬೇರೆ."

ಅವರು ಹೋದ ಮೇಲೆ ನಾನು ಕೇಕ್ ತಟ್ಟೆ ಮುಂದಿಟ್ಟುಕೊಂಡು ಕೂತೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಮನುಷ್ಯ ಜೀವಮಾನದಲ್ಲಿ ಒಂದು ನಿಮಿಷ ಮೌನವಾಗಿ ಇದ್ದವರಲ್ಲ. ವರ್ಷಕ್ಕೊಮ್ಮೆ ಅವರು ನಗಿಸುತ್ತಿದ್ದ ಜಾಗದಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತರು ಎಂದರೆ, ಅವರನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗಾಯಿತು ನನಗೆ.

ಆ ಏಪ್ರಿಲಿನಲ್ಲಿ ಅವರ ಹಳೆಯ ಆಫೀಸಿನಿಂದ ಪ್ರತಿ ವರ್ಷದ ಪತ್ರ ಬಂತು. ಈ ಸಲ ನನ್ನ ಹೆಸರಿಗೆ. ಬೆಲೆ ಏರಿದ ಲೆಕ್ಕದಲ್ಲಿ ನನಗೆ ಬರುವ ಪೆನ್ಷನ್ನೂ ಏರಿದೆ ಎಂದು. ಅವರ ವಯಸ್ಸು ನಿಂತ ಮೇಲೂ ಅವರು ದುಡಿದದ್ದು ಏರುತ್ತಲೇ ಇದೆ ಎನ್ನುವುದು ನನಗೆ ವಿಚಿತ್ರವಾಗಿಯೂ ಇತ್ತು, ಹಿತವಾಗಿಯೂ ಇತ್ತು. ನನಗೆ ಅನ್ನಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅದನ್ನು ಜೋರಾಗಿ ಓದಿ, ಅರ್ಥ ಆಯ್ತಾ ಎಂದು ಕೇಳುವವರದು.

ಮಗಳು ಕೊಲಿಂಡೇಲ್‌ನಲ್ಲಿ ಗಂಡನ ಜೊತೆ ಇದ್ದಳು. ಆ ಓದು ನಿಲ್ಲುವುದು ನನಗೆ ಬೇಡ ಎಂದು ಅವಳಿಗೆ ಹೇಳಿದೆ. ಅವಳು ಫೋನಿನಲ್ಲಿ, "ದೆನ್ ಟೆಲ್ ದೆಮ್, ಅಮ್ಮ" ಎಂದಳು. ಹೇಳುವುದು ಅಷ್ಟು ಸುಲಭವಾಗಲಿಲ್ಲ. ನನಗೆ ಒಂದು ಚಳಿಗಾಲ ಬೇಕಾಯಿತು. ಫೆಬ್ರವರಿಯಲ್ಲಿ ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಈ ಸಲ ಸರ್ಕಾರದ ಪಂಚಾಂಗ ಓದಿಸಿ."

"ಯಾರು ಓದ್ತಾರೆ ತಾಯಿ? ಅದು ಅವರಿಗೇ ಸರಿ."

"ನೀವೇ ಓದಿ."

"ಅಯ್ಯೋ, ನಂಗೆ ಸ್ವಂತ ಪೆನ್ಷನ್ನೇ ಅರ್ಥ ಆಗಲ್ಲ. ಬಂದ ಪತ್ರ ಎಲ್ಲ ಅವರಿಗೆ ಕೊಟ್ಬಿಡ್ತಿದ್ದೆ." ಆಮೇಲೆ ತಾವೇ ಕೇಳಿದರು. "ನೀವು ಮೊದಲು ಕೇಳಿಸ್ಕೋತೀರಾ? ಅವರು ಹೇಳ್ತಿದ್ರು, ನೀವು ಹ್ಞೂಂ ಅನ್ನೋ ತನಕ ಹಾಲಿಗೆ ತರ್ತಿರ್ಲಿಲ್ಲ ಅಂತ."

ನಮ್ಮವರು ಅದನ್ನು ಹೊರಗೆ ಹೇಳುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಡಾಕ್ಟರು ಬಂದರು. ಪೋಸ್ಟ್ ಆಫೀಸಿನಿಂದ ಸರ್ಕಾರದ ಕರಪತ್ರ ತಂದು, ಅದರಿಂದ ಒಂದು ಹಾಳೆಯಲ್ಲಿ ತಾವೇ ಬರೆದುಕೊಂಡಿದ್ದರು. ನಾನು ಸಭೆಯ ಊಟದ ಚಿತ್ರಾನ್ನಕ್ಕೆ ಮಾವಿನಕಾಯಿ ತುರಿಯುತ್ತಿದ್ದೆ. ಅವರು ಅಡುಗೆಮನೆಯ ಕುರ್ಚಿಯಲ್ಲಿ ಕನ್ನಡಕ ಏರಿಸಿಕೊಂಡು ಓದಿದರು, ಒಂದೇ ಉಸಿರಿನಲ್ಲಿ.

"ಅರ್ಥ ಆಯ್ತಾ ತಾಯಿ?"

"ಇಲ್ಲ. ಇದು ಔಷಧಿ ಚೀಟಿ ಅಲ್ಲ ಡಾಕ್ಟ್ರೇ, ನಿಧಾನ."

ಮತ್ತೆ ಓದಿದರು. ಮಿತಿ ಬಂದಲ್ಲಿ ನಾನು, "ಯಾರ ಮಿತಿ?" ಎಂದೆ. ಅವರು ಕಾಗದ ತಿರುಗಿಸಿ ಮುರುಗಿಸಿ, "ಅದನ್ನೇ ನಾನೂ ಯೋಚಿಸ್ತಿದೀನಿ" ಎಂದರು. ನಾವಿಬ್ಬರೂ ನಕ್ಕೆವು. ಆ ಅಡುಗೆಮನೆಯಲ್ಲಿ ನಾನು ಹಾಗೆ ನಕ್ಕು ಬಹಳ ದಿನವಾಗಿತ್ತು. ನಾಲ್ಕನೆಯ ಸಲಕ್ಕೆ ನಾನು ಹ್ಞೂಂ ಎಂದೆ. ಅವರು ಕಾಗದ ಮಡಿಸಿದರು.

"ಇನ್ನೊಂದು ಸಾಲಿದೆ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಅದು ಬೇಡ. ನಂಗೆ ನಾಲಿಗೆ ಏಳಲ್ಲ."

"ಆಸ್ಪತ್ರೆಯಲ್ಲಿ ಎಷ್ಟು ಜನಕ್ಕೆ ಏನೇನು ಹೇಳಿದೀರಿ ನೀವು."

"ಹೇಳಿದೀನಿ. ಅವರು ಯಾರೂ ನನ್ನೆದುರು ನಿಂತು ನಾಳೆ ಹಬ್ಬಕ್ಕೆ ಮಾವಿನಕಾಯಿ ತುರೀತಿರ್ಲಿಲ್ಲ."

"ಇಡೀ ಕಾಗದದಲ್ಲಿ ನನಗೆ ಇರೋದು ಅದೊಂದೇ ಸಾಲು, ಡಾಕ್ಟ್ರೇ."

ಅವರು ತುಂಬ ಹೊತ್ತು ಕನ್ನಡಕ ಒರೆಸಿದರು. "ನೋಡೋಣ" ಎಂದು ಹೇಳಿ ಟ್ರಾಮಿಗೆ ಹೊರಟರು.

ಮಾರನೆಯ ದಿನ ಮಗಳು ಬಂದು ನನ್ನನ್ನು ಕರೆದುಕೊಂಡು ಹೋದಳು. ಹಾಲಿನ ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ನನ್ನನ್ನು ಕಂಡು ಒಂದು ಕ್ಷಣ ತಡವರಿಸಿದಳು. ನಾನೇ ಪಕ್ಕದ ಬಟ್ಟಲಿನಿಂದ ಬೇವು ಬೆಲ್ಲ ತೆಗೆದುಕೊಂಡೆ. ಪಕ್ಕದ ಮನೆಯವರು ಒಳಗಿನಿಂದ, "ಬನ್ನಿ ಮಾರಾಯ್ರೆ, ಕುರ್ಚಿ ಹಿಡಿದಿಟ್ಟಿದ್ದೇನೆ, ಎಷ್ಟು ಹೊತ್ತು ಬ್ಯಾಗು ಇಟ್ಟುಕೊಂಡು ಕೂತುಕೊಳ್ಳುವುದು" ಎಂದು ಕೂಗಿದರು. ಮುಂದಿನ ಸಾಲೇ ಹಿಡಿದಿದ್ದರು.

ಪಂಚಾಂಗ ಮುಗಿಯಿತು. ಡಾಕ್ಟರು ಜೇಬಿನಿಂದ ಹಾಳೆ ತೆಗೆದು, "ಇನ್ನು ಸರ್ಕಾರದ ಪಂಚಾಂಗ" ಎಂದರು. ಕೆಲವರು ನನ್ನ ಕಡೆ ನೋಡಿದರು. ಡಾಕ್ಟರು ನೇರ ಮೊದಲ ಅಂಕಿಗೇ ಹೋದರು. ಆಗ ಮಕ್ಕಳ ಸಾಲಿನಿಂದ ಯಾವುದೋ ಸಣ್ಣ ದನಿ, "ಅಂಕಲ್, ಯೂ ಫರ್ಗಾಟ್ ಏಪ್ರಿಲ್ ಆರು!" ಎಂದಿತು. ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಹಾಲ್ ತಾನಾಗಿಯೇ ಹೇಳಿತು: "ಯುಗಾದಿ ನಮ್ಮದು, ಏಪ್ರಿಲ್ ಆರು ಸರ್ಕಾರದ್ದು. ಹೋಳಿಗೆ ಇವತ್ತೇ ತಿನ್ನಿ, ಹಣ ಆಮೇಲೆ ಕಟ್ಟಿ." ಅಷ್ಟೂ ಜನರ ಬಾಯಲ್ಲಿ ಅವರ ಮಾತು, ಅವರು ನಿಲ್ಲಿಸುತ್ತಿದ್ದ ಕಡೆಯೇ ನಿಲ್ಲಿಸಿ. ಮಗಳು ನನ್ನ ಕೈ ಹಿಡಿದಳು. ಆಮೇಲೆ ನೋಡಿದರೆ ಅವಳೂ ಹೇಳುತ್ತಿದ್ದಳು, ಕನ್ನಡದಲ್ಲಿ.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತು. ಡಾಕ್ಟರು ಓದುವುದು, ಹಿಂದಿನಿಂದ "ಏರೇತೇನ್ರೀ?" ಎಂದು ಬರುವುದು. ಧಾರವಾಡದವರು ಒಂದನ್ನೂ ಬಿಡಲಿಲ್ಲ. ಡಾಕ್ಟರಿಗೆ ಇಡ್ಲಿ ದೋಸೆಯ ಲೆಕ್ಕ ಗೊತ್ತಾಗದೆ, "ಉದ್ದಿನ ವಡೆ ಅಂತ ಇಟ್ಕೊಳ್ಳಿ" ಎಂದರು. "ತೂತಿನ ಲೆಕ್ಕ ಬ್ಯಾರೇನ್ರೀ?" ಎಂದು ಹಿಂದಿನಿಂದ ಬಂತು.

ಕೊನೆಗೆ ಡಾಕ್ಟರು ನಿಂತರು. ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಮಡಿಸಿಬಿಡುತ್ತಾರೆ ಎಂದುಕೊಂಡೆ. ನಾನು ಕೂತಲ್ಲೇ ಸ್ವಲ್ಪ ತಲೆ ಆಡಿಸಿದೆ.

"ಉಳಿದವರಿಗೆ" ಎಂದು ಓದಿದರು.

ಹಳೆಯ ಮೌನವೇ ಬಂತು, ಈ ಸಲ ಇನ್ನೂ ದೊಡ್ಡದು. ನಮ್ಮವರಾಗಿದ್ದರೆ ತಾವಾಗಿಯೇ 'ಇದೂ ಏರಿದೆ' ಎಂದುಬಿಡುತ್ತಿದ್ದರು. ಡಾಕ್ಟರಿಗೆ ಅದು ಬರಲಿಲ್ಲ, ತುಟಿ ಅಲುಗಿತು ಅಷ್ಟೆ. ನಾನು ನನ್ನ ಕುರ್ಚಿಯಿಂದ, ನನಗೆ ಬಾರದ ಧಾರವಾಡದ ಮಾತಿನಲ್ಲಿ, ಆದಷ್ಟು ಜೋರಾಗಿ ಕೇಳಿದೆ:

"ಏರೇತೇನ್ರೀ?"

"ಏರಿದೆ ತಾಯಿ" ಎಂದರು ಡಾಕ್ಟರು. "ಏರಿದೆ."

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಧಾರವಾಡದವರ ದನಿ. "ಅಕ್ಕಾರ, ಎಷ್ಟ ಅಂತ ಕೇಳ್ರೀ ಅವರನ್ನ. ಇಡ್ಲಿಯಷ್ಟೋ, ದ್ವಾಸಿಯಷ್ಟೋ?"

"ದೋಸೆಯಷ್ಟು" ಎಂದು ನಾನೇ ಹೇಳಿದೆ. ನನಗೆ ಈ ವರ್ಷದ ಪೆನ್ಷನ್ ಪತ್ರ ಆಗಲೇ ಬಂದಿತ್ತು.

ಹಾಲ್ ನಕ್ಕಿತು. ಪಕ್ಕದ ಮನೆಯವರು ನಗುತ್ತಾ ನನ್ನ ಬೆನ್ನಿಗೆ ಒಂದು ಏಟು ಕೊಟ್ಟರು. ಡಾಕ್ಟರು ಹಾಳೆ ಮಡಿಸಿ ಜೇಬಿಗಿಟ್ಟು, ಮುಂದಿನ ವರ್ಷಕ್ಕೆ ಈಗಲೇ ಅಭ್ಯಾಸ ಶುರು ಮಾಡಬೇಕು ಎಂದು ಗೊಣಗುತ್ತಾ ಕೆಳಗಿಳಿದರು. ನಾನು ಚಿತ್ರಾನ್ನದ ಪಾತ್ರೆಯ ಮುಚ್ಚಳ ತೆಗೆಯಲು ಎದ್ದು ಹೋದೆ, ಸಾಲು ಆಗಲೇ ಬೆಳೆಯುತ್ತಿತ್ತು.